ಹನ್ನೊಂದು ಕುರಿ, ಒಂದು ಚಿರತೆ ಮತ್ತು ನಮ್ಮ ಬಡಾವಣೆ

ನಮ್ಮ ಬಡಾವಣೆಯಲ್ಲಿ ಇಂಥದ್ದೊಂದು ನಡೆಯದೆ ಒಂದು ತಿಂಗಳು ಕಳೆದರೆ, ಏನೋ ಹೆಚ್ಚುಕಡಿಮೆಯಾಗಿದೆ ಎಂದು ನಾನೇ ಗೇಟಿನವರೆಗೆ ಹೋಗಿ ನೋಡಿಕೊಂಡು ಬರುತ್ತೇನೆ. ಜಯನಗರದಲ್ಲಿರುವ ನನ್ನ ನಾದಿನಿ ಫೋನ್ ಮಾಡಿದಾಗಲೆಲ್ಲ ತಮ್ಮ ಬ್ಲಾಕಿಗೆ ಯಾವ ಹೊಸ ಹೋಟೆಲು ಬಂತು, ಯಾವ ಸೀರೆ ಅಂಗಡಿ ಬಂತು ಎಂದು ವರದಿ ಒಪ್ಪಿಸುತ್ತಾಳೆ. ನಾನು ಸಮಾಧಾನವಾಗಿ ಕೇಳಿಸಿಕೊಂಡು, ನಮ್ಮಲ್ಲಿಗೆ ಚಿರತೆ ಬಂದಿತ್ತು ಎನ್ನುತ್ತೇನೆ. ಅಲ್ಲಿಗೆ ಆ ಮಾತು ಮುಗಿಯುತ್ತದೆ.

ನಾವಿರುವುದು ವಸಂತಪುರ ದಾಟಿ, ಕನಕಪುರ ರಸ್ತೆಯಿಂದ ಒಳಗೆ, ಕಾಡಿನ ಅಂಚಿನಲ್ಲಿ. ನಲವತ್ತು ಮನೆಗಳ ಬಡಾವಣೆ. ನಾನು ಅದರ ಸಂಘದ ಕಾರ್ಯದರ್ಶಿ. ಹತ್ತು ವರ್ಷ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಕೆಳಗೆ ಕಲಿತವಳು. ಸಮಯ, ಸ್ವಚ್ಛತೆ ಮತ್ತು ಕಾಗುಣಿತದ ವಿಷಯದಲ್ಲಿ ಇಂದಿನವರೆಗೂ ರಾಜಿ ಮಾಡಿಕೊಂಡಿಲ್ಲ.

ನಮ್ಮ ಕಾಂಪೌಂಡಿನಾಚೆ ಗೌಡಮ್ಮನವರ ಹೊಲ. ಇದೆಲ್ಲ ಹಳ್ಳಿಯಾಗಿದ್ದ ಕಾಲದಿಂದ ಅವರ ಮನೆತನ ಅಲ್ಲಿದೆ. ಸುತ್ತಲಿನ ಜಮೀನೆಲ್ಲ ನಮ್ಮಂಥವರ ಮನೆಗಳಾದವು. ಉಳಿದದ್ದು ಎರಡು ಎಕರೆ ರಾಗಿ, ನಡುವೆ ಅವರೆ ಸಾಲು, ಮೂಲೆಯಲ್ಲೊಂದು ಕುರಿಕೊಟ್ಟಿಗೆ. ಹೋದ ವರ್ಷದವರೆಗೆ ಅದರಲ್ಲಿ ಹನ್ನೆರಡು ಕುರಿಗಳಿದ್ದವು. ಹಬ್ಬದ ಗಡಿಬಿಡಿಯಲ್ಲಿ ಯಾರೋ ಅಗುಳಿ ಹಾಕುವುದನ್ನು ಮರೆತರು, ಚಿರತೆ ಒಂದನ್ನು ಒಯ್ದಿತು. ಗೌಡಮ್ಮನವರ ಮಗ ನನ್ನ ಮಗನ ವಯಸ್ಸಿನವನು; ಮೂರು ಬಾಡಿಗೆ ಮನೆ ಕಟ್ಟಿಸಿ, ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದಾನೆ. ಇನ್ನೊಂದು ಸಲ ಚಿರತೆ ಕೊಟ್ಟಿಗೆಯ ಕಡೆ ಬಂದರೆ ಹನ್ನೊಂದನ್ನೂ ಮಾರಿಬಿಡುವುದಾಗಿ ಅವನು ಆವತ್ತೇ ತಾಯಿಗೆ ಹೇಳಿದ. ಎಪ್ಪತ್ತು ದಾಟಿದ ತಾಯಿ ಕತ್ತಲಲ್ಲಿ ಲಾಟೀನು ಹಿಡಿದು ಕೊಟ್ಟಿಗೆಗೆ ಹೋಗುವುದು ಅವನಿಗೆ ಬೇಕಿರಲಿಲ್ಲ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಕುರಿಗಳಿಲ್ಲದಿದ್ದರೆ ಗೌಡಮ್ಮನವರು ಬೆಳಿಗ್ಗೆ ಏಳುವುದಾದರೂ ಯಾಕೆ?

ಆವತ್ತಿನಿಂದ ಆ ಹನ್ನೊಂದು ಕುರಿಗಳ ಕ್ಷೇಮ ನನ್ನ ಜವಾಬ್ದಾರಿಯೂ ಆಯಿತು. ಯಾರೂ ವಹಿಸಿಕೊಡಲಿಲ್ಲ, ನಾನೇ ವಹಿಸಿಕೊಂಡೆ.

ದೊಡ್ಡೋರು

ಇದು ನಾವು ಹೊಸದಾಗಿ ಬಂದಾಗಿನ ಮಾತು. ಒಂದು ಬೆಳಿಗ್ಗೆ ತುಳಸಿಗೆ ನೀರು ಹಾಕುತ್ತಿದ್ದೆ. ಗೋಡೆಯಾಚೆಯಿಂದ ಗೌಡಮ್ಮನವರು ಕರೆದು, "ಮೇಡಮ್ಮೋರೆ, ನೆನ್ನೆ ದೊಡ್ಡೋರು ಬಂದಿದ್ರು. ನಿಮ್ಮ ಗೇಟಿನ ತಾವೇ ಇದ್ರು, ಬಾಳಾ ಹೊತ್ತು" ಎಂದರು.

ನನಗೆ ನಾಚಿಕೆಯಾಯಿತು. ರಸ್ತೆಗೆ ಡಾಂಬರು ಬೇಕೆಂದು ನಾನು ಎಲ್ಲ ದೊಡ್ಡವರಿಗೂ ಅರ್ಜಿ ಬರೆದಿದ್ದೆ. ಯಾರೋ ಒಬ್ಬರು ಖುದ್ದಾಗಿ ಬಂದು ನೋಡಿದ್ದಾರೆ, ನಮ್ಮವರು ಒಂದು ಲೋಟ ನೀರನ್ನೂ ಕೊಟ್ಟಿಲ್ಲ. ಕೂಡಲೇ ಗೇಟಿನ ಸೆಕ್ಯುರಿಟಿಯವನನ್ನು ಕರೆಸಿದೆ. ನಿನ್ನೆ ದೊಡ್ಡವರು ಬಂದದ್ದು ನಿಜವೇ ಎಂದರೆ ನಿಜ ಎಂದ. ಯಾಕೆ ಗೇಟು ತೆಗೆಯಲಿಲ್ಲ ಎಂದರೆ ಬೆವರಿದ. ಸಂದರ್ಶಕರ ಪುಸ್ತಕದಲ್ಲಿ ಹೆಸರು ಯಾಕೆ ಬರೆಸಿಕೊಳ್ಳಲಿಲ್ಲ ಎಂದರೆ ನನ್ನ ಮುಖವನ್ನೇ ನೋಡುತ್ತ ನಿಂತ. ಬಡಾವಣೆಯ ಮರ್ಯಾದೆಯ ಪ್ರಶ್ನೆ ಇದು, ಇನ್ನು ಮುಂದೆ ಅವರು ಬಂದರೆ ಒಳಗೆ ಕರೆದು ಕುರ್ಚಿ ಹಾಕಿ ಕೂರಿಸಬೇಕು ಎಂದು ಕಟ್ಟುನಿಟ್ಟಾಗಿ ಹೇಳಿದೆ.

ಪಾಪ, ಅವನು ಕೈಕಟ್ಟಿ ನಿಂತು ಹೇಳಿದ: "ಮೇಡಂ, ಅವರು ಕೂತೇ ಇದ್ರು. ಎದ್ದು ಹೋದೋನು ನಾನು."

ಸಂಜೆಯಾದ ಮೇಲೆ ಆ ಪ್ರಾಣಿಯ ಹೆಸರೆತ್ತಿದರೆ ಕರೆದ ಹಾಗಾಗುತ್ತದೆಂದು ಈ ಕಡೆಯ ಹಳಬರು ಹಗಲಲ್ಲೂ ಚಿರತೆ ಎನ್ನುವುದಿಲ್ಲವಂತೆ, ದೊಡ್ಡೋರು ಎನ್ನುತ್ತಾರಂತೆ. ಇದನ್ನು ನನಗೆ ಯಾರಾದರೂ ಮೊದಲೇ ಹೇಳಬಹುದಿತ್ತು.

ವಾಕ್ಯದೋಷ

ಕುರಿ ಹೋದ ಮೇಲೆ ಅರಣ್ಯ ಇಲಾಖೆಯವರು ಬಂದು ನಮ್ಮ ರಸ್ತೆಯ ತುದಿಯಲ್ಲಿ ಒಂದು ಫಲಕ ನೆಟ್ಟರು. ಅದರಲ್ಲಿ ಹೀಗಿತ್ತು: "ಇದು ಚಿರತೆ ಸಂಚರಿಸುವ ಪ್ರದೇಶ. ಸಂಜೆ ಆರರ ನಂತರ ಒಂಟಿಯಾಗಿ ತಿರುಗಾಡಬಾರದು."

ಓದಿದ ಕೂಡಲೇ ನನಗೆ ಸರಿಬರಲಿಲ್ಲ. ಎರಡನೆಯ ವಾಕ್ಯಕ್ಕೆ ಕರ್ತೃವಿಲ್ಲ. ತಿರುಗಾಡಬಾರದು, ಸರಿ, ಯಾರು? ಮೊದಲ ವಾಕ್ಯದಲ್ಲಿರುವುದು ಚಿರತೆಯೊಂದೇ. ಹಾಗಾಗಿ ವ್ಯಾಕರಣದ ಪ್ರಕಾರ ನಿಯಮ ಚಿರತೆಗೇ ಅನ್ವಯಿಸುತ್ತದೆ. ನಾನು ಇಲಾಖೆಗೆ ಪತ್ರ ಬರೆದೆ. ಹದಿನೈದು ದಿನ ಕಾದೆ. ಉತ್ತರ ಬರಲಿಲ್ಲ. ಕೊನೆಗೆ ಒಂದು ಡಬ್ಬಿ ಕೆಂಪು ಬಣ್ಣ ತರಿಸಿ, ಏಣಿ ಹಾಕಿಸಿ, "ಸಾರ್ವಜನಿಕರು" ಎಂಬ ಪದವನ್ನು ಇರಬೇಕಾದ ಜಾಗದಲ್ಲಿ ನಾನೇ ಬರೆದೆ. ಅಕ್ಷರ ದುಂಡಗೆ ಬಂದಿತ್ತು ಎಂದು ಈಗಲೂ ಎಲ್ಲರೂ ಹೇಳುತ್ತಾರೆ.

ಮುಂದಿನ ತಿಂಗಳು ಇಲಾಖೆಯ ಅಧಿಕಾರಿಯೊಬ್ಬರು ಗಸ್ತಿಗೆ ಬಂದಾಗ ಜೀಪು ನಿಲ್ಲಿಸಿ ಫಲಕವನ್ನು ಎರಡು ಸಲ ಓದಿದರು. ಸರ್ಕಾರಿ ಆಸ್ತಿಯನ್ನು ತಿದ್ದಿದ್ದಕ್ಕೆ ಏನಾದರೂ ಹೇಳಿಯಾರು ಎಂದು ನಾನು ಉತ್ತರ ಸಿದ್ಧ ಮಾಡಿಕೊಂಡೇ ನಿಂತಿದ್ದೆ. ಅವರು ಟೋಪಿ ತೆಗೆದು ಹೇಳಿದರು: "ತಿದ್ದಬಾರದಿತ್ತು ಮೇಡಂ. ಹಳೇ ಬೋರ್ಡನ್ನ ಅದು ಓದಿತ್ತು ಅಂತ ಕಾಣುತ್ತೆ. ಒಂಟಿಯಾಗಿ ತಿರುಗೋದು ಬಿಟ್ಟು ಈಗ ಮರಿ ಜೊತೆ ಬರ್ತಿದೆ."

ಹುಲಿ ಹಿಂಡಿದ್ದು

ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಮೂರನೇ ಮನೆಯ ಇಂಜಿನಿಯರು ಒಂದು ಫೋಟೋ ಹಾಕಿದರು. ಮಂಜು ಕವಿದಿತ್ತು. ಎದುರು ಸಾಲಿನ ಮಹಡಿಯ ಮೇಲೆ, ಪ್ಯಾರಾಪೆಟ್ಟಿನ ಹಿಂದೆ, ಒಂದು ಮುಖ ಮತ್ತು ಎರಡು ಕಣ್ಣು. ಅರ್ಧ ಗಂಟೆಯಲ್ಲಿ ಶಾಲೆಯ ಬಸ್ಸು ಗೇಟಿನಿಂದಲೇ ಹಿಂದೆ ಹೋಯಿತು, ಹಾಲಿನವನು ಹಾಲನ್ನು ರಸ್ತೆಯ ಮೇಲೇ ಇಟ್ಟು ಹೋದ. ಗೌಡಮ್ಮನವರ ಮಗ ಟೆಂಪೋ ತಂದು ಕೊಟ್ಟಿಗೆಯ ಮುಂದೆ ನಿಲ್ಲಿಸಿದ. ಹೇಳಿದ್ದೆನಲ್ಲ, ಬಂದರೆ ಮಾರುತ್ತೇನೆ ಎಂದು. ಈಗ ಬಂದಿದೆ, ಕುರಿ ಹತ್ತಿಸು ಎಂದು ತಾಯಿಯ ಹಿಂದೆ ಬಿದ್ದ.

ಗೌಡಮ್ಮನವರು ಕೊಟ್ಟಿಗೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ನಾನು ಗೋಡೆಯಿಂದಲೇ ಫೋನು ಚಾಚಿ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು.

"ಇದಕ್ಕೆ ಪಟ್ಟೆ ಐತಲ್ಲ" ಎಂದರು. "ನಮ್ದು ಚುಕ್ಕೇದು. ಚುಕ್ಕೆ ಇಲ್ದಿದ್ರೆ ಅದು ನಮ್ಮೂರಿಂದಲ್ಲ."

ಅದನ್ನು ಅವರು ಹೇಳಿದ ಠೀವಿಯನ್ನು ನೋಡಬೇಕಿತ್ತು. ನಾನು ಆರು ಜನ ಗಂಡಸರನ್ನು ಕೋಲು ಸಮೇತ ಸಾಲಾಗಿ ನಿಲ್ಲಿಸಿಕೊಂಡು ಆ ಮನೆಗೆ ಹೋದೆ. ಮಹಡಿಯಲ್ಲಿ ಹಗ್ಗದ ಮೇಲೆ ನೇತಾಡುತ್ತಿದ್ದದ್ದು ಒಂದು ದಪ್ಪ ಕಂಬಳಿ, ಅದರ ಮೇಲೆ ಅಚ್ಚು ಹಾಕಿದ ಹುಲಿ. ಆ ಮನೆಗೆ ಹೊಸದಾಗಿ ಬಂದಿದ್ದ ಹುಡುಗಿಗೆ ನಾವು ಯಾಕೆ ಬಂದೆವೆಂದು ತಿಳಿಯಲಿಲ್ಲ. ಸಹಾಯಕ್ಕೆ ಬಂದಿದ್ದೇವೆಂದುಕೊಂಡಳು. "ಥ್ಯಾಂಕ್ಸ್ ಆಂಟಿ, ಎರಡು ದಿನದಿಂದ ಒಣಗ್ತಾನೇ ಇಲ್ಲ, ಒಬ್ಬಳ ಕೈಲಿ ಹಿಂಡೋಕಾಗಲ್ಲ" ಎಂದಳು.

ಬಂದವರು ಬರಿಗೈಯಲ್ಲಿ ಹೋಗುವುದು ಚೆನ್ನಾಗಿರುವುದಿಲ್ಲ. ಕೋಲುಗಳನ್ನು ಗೋಡೆಗೆ ಒರಗಿಸಿ, ಆ ಕಡೆ ಮೂವರು ಈ ಕಡೆ ಮೂವರು ನಿಂತು, ಹುಲಿಯನ್ನು ಹಿಂಡಿ ಒಣಹಾಕಿ ಬಂದರು.

ಸಭೆಯ ನಡಾವಳಿ

ಟೆಂಪೋ ಖಾಲಿ ಹೋಯಿತು. ಆದರೆ ಬಡಾವಣೆಯವರ ಹೆದರಿಕೆ ಹೋಗಲಿಲ್ಲ. ಕುರಿಕೊಟ್ಟಿಗೆ ಇರುವುದರಿಂದಲೇ ಚಿರತೆ ಬರುತ್ತದೆ, ಅದನ್ನು ಎತ್ತಿಸಬೇಕು ಎಂದು ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಹನ್ನೆರಡು ಜನರ ಸಹಿ ಹಾಕಿಸಿ ಅರ್ಜಿ ಕೊಟ್ಟರು. ನಾನು ಸಭೆ ಕರೆದೆ. ಯಾರ ವಿರುದ್ಧ ದೂರಿದೆಯೋ ಅವರ ಮಾತನ್ನೂ ಕೇಳಬೇಕು ಎಂಬುದು ನನ್ನ ನಿಯಮ. ಆದ್ದರಿಂದ ಗೌಡಮ್ಮನವರನ್ನು ಕರೆಸಿ, ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದೆ. ನೆಲದ ಮೇಲೆ ಕೂರುತ್ತೇನೆ ಎಂದರು, ನಾನು ಬಿಡಲಿಲ್ಲ.

ಬ್ಯಾಂಕಿನವರು ಇಪ್ಪತ್ತು ನಿಮಿಷ ಮಾತಾಡಿದರು. ಗೌಡಮ್ಮನವರು ಒಂದೇ ನಿಮಿಷ ಮಾತಾಡಿದರು. ರಸ್ತೆಯ ತಿರುವಿನಲ್ಲಿ ಬಡಾವಣೆಯವರು ರಾತ್ರಿ ಕವರಿನಲ್ಲಿ ಕಟ್ಟಿ ಎಸೆಯುವ ಬಿರಿಯಾನಿ ಮೂಳೆಗೆ ಬೀದಿನಾಯಿಗಳು ಬರುತ್ತವೆ, ನಾಯಿಗಳಿಗಾಗಿ ಅದು ಬರುತ್ತದೆ, ಅದಕ್ಕೆ ಕುರಿಗಿಂತ ನಾಯಿ ಸಲೀಸು ಎಂದರು. ಆಮೇಲೆ ಬ್ಯಾಂಕಿನವರ ಕಡೆ ತಿರುಗಿ, "ನನ್ನ ಕುರೀನ ನಾನು ಬಾಗ್ಲು ಹಾಕಿ ಮಡಗಿವ್ನಿ. ನಿಮ್ಮ ಕಸಾನ ನೀವು ಬಾಗ್ಲು ಹಾಕಿ ಮಡಗಿ ಸ್ವಾಮಿ" ಎಂದರು.

ಆ ಕವರುಗಳು ಯಾವ ಮನೆಯಿಂದ ಬರುತ್ತಿದ್ದವು ಎಂಬುದು ಎಲ್ಲರಿಗೂ ಗೊತ್ತಿತ್ತು. ಅರ್ಜಿಗೆ ಮೊದಲು ಸಹಿ ಹಾಕಿದ್ದ ಮನೆಯೇ ಅದು.

ಹಸಿ ಕಸ, ಒಣ ಕಸ ಬೇರೆ ಮಾಡಿ ಎಂದು ನಾನು ಮೂರು ವರ್ಷದಿಂದ ಗಂಟಲು ಹರಿದುಕೊಂಡಿದ್ದೆ. ಕರಪತ್ರ ಹಂಚಿದ್ದೆ, ಬಣ್ಣಬಣ್ಣದ ಬುಟ್ಟಿ ಕೊಡಿಸಿದ್ದೆ. ಆ ಸಭೆಯಾದ ಒಂದೇ ವಾರದಲ್ಲಿ ನಲವತ್ತು ಮನೆಯೂ ಸರಿಹೋಯಿತು. ಈಗ ನಮ್ಮ ರಸ್ತೆಯಷ್ಟು ಚೊಕ್ಕಟವಾದ ರಸ್ತೆ ಬೇಗೂರಿನಿಂದ ಯಡಿಯೂರಿನವರೆಗೆ ಇಲ್ಲ. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತೇನೆ, ಬೇಕಾದವರು ಬಂದು ನೋಡಬಹುದು. ಆ ದಿನದ ನಡಾವಳಿಯನ್ನೂ ನಾನೇ ಬರೆದೆ. ಅದರ ಮೂರನೇ ಅಂಶ ಇಂದಿಗೂ ಸೂಚನಾ ಫಲಕದಲ್ಲಿದೆ: "ಚಿರತೆಯೊಂದನ್ನು ಹೊರತುಪಡಿಸಿ ಈ ರಸ್ತೆಯನ್ನು ಬಳಸುವ ಎಲ್ಲರೂ ತಮ್ಮ ಮೂಳೆಗಳನ್ನು ಮುಚ್ಚಿದ ಡಬ್ಬಿಯಲ್ಲಿಯೇ ಇಡತಕ್ಕದ್ದು."

ತೋಳದ ಪಾಲು

ಗೌಡಮ್ಮನವರ ತವರು ಪಾವಗಡದ ಕಡೆ. ಅಲ್ಲಿ ಚಿರತೆಗಿಂತ ತೋಳ ಹೆಚ್ಚು. ಅವರು ಹುಡುಗಿಯಾಗಿದ್ದಾಗ ಹಟ್ಟಿಯಲ್ಲಿ ನೂರಾರು ಕುರಿಗಳಿದ್ದವಂತೆ. ವರ್ಷಕ್ಕೆ ಒಂದೋ ಎರಡೋ ತೋಳದ ಪಾಲಾಗುತ್ತಿದ್ದವು. ಅವರ ತಾತ ಅದಕ್ಕೆ ಬೇಸರಪಡುತ್ತಿರಲಿಲ್ಲ. ತೋಳ ಸುಳಿಯದ ಹಟ್ಟಿಗೆ ಏಳಿಗೆಯಿಲ್ಲ, ಅದರ ಪಾಲು ಅದಕ್ಕೆ ಹೋಗಲಿ ಎನ್ನುತ್ತಿದ್ದರಂತೆ.

ಒಂದು ಮಧ್ಯಾಹ್ನ ಇಬ್ಬರೂ ಅವರೆಕಾಯಿ ಬಿಡಿಸುತ್ತ ಕೂತಿದ್ದೆವು. ಅಷ್ಟು ಚಿಕ್ಕ ವಯಸ್ಸಿನಲ್ಲಿ ಬಯಲಲ್ಲಿ ಕುರಿ ಕಾಯುತ್ತಿದ್ದಿರಲ್ಲ, ತೋಳ ಕಂಡರೆ ಹೆದರಿಕೆ ಆಗುತ್ತಿರಲಿಲ್ಲವೇ ಎಂದು ಕೇಳಿದೆ.

ಅವರು ಕೈ ನಿಲ್ಲಿಸದೆ ಹೇಳಿದರು: "ತ್ವಾಳ ಬಂದ್ರೆ ಒಂದು ಕುರಿ ಹೊತ್ಕೊಂಡು ಹೋಗೋದು ಮೇಡಮ್ಮೋರೆ. ನನ್ನ ಮಗ ಹನ್ನೊಂದೂ ಹೊತ್ಕೊಂಡು ಹೋಯ್ತೀನಿ ಅಂತವ್ನೆ. ನಾನು ಯಾರಿಗೆ ಹೆದರ್ಲಿ, ನೀವೇ ಯೋಳಿ."

ಬೋನು

ಈ ವರ್ಷ ರಾಗಿ ಕೊಯ್ಲಿನ ಹೊತ್ತಿಗೆ ಕೊಟ್ಟಿಗೆಯ ಹಿಂದಿನ ಮಣ್ಣಿನಲ್ಲಿ ಹೆಜ್ಜೆ ಕಂಡಿತು. ಈ ಸಲ ಕಂಬಳಿಯಲ್ಲ, ನಿಜವಾದದ್ದೇ. ದೊಡ್ಡದೊಂದು, ಪಕ್ಕದಲ್ಲಿ ಚಿಕ್ಕದೊಂದು. ಮಗ ಅರಣ್ಯ ಇಲಾಖೆಗೆ ದೂರು ಕೊಟ್ಟು ಬೋನು ತರಿಸಿದ. ತಾಯಿಗೆ ಖಡಾಖಂಡಿತವಾಗಿ ಹೇಳಿದ: ಶನಿವಾರದೊಳಗೆ ಚಿರತೆ ಬಿದ್ದರೆ ಸರಿ, ಇಲ್ಲದಿದ್ದರೆ ಭಾನುವಾರದ ಸಂತೆಗೆ ಹನ್ನೊಂದೂ ಕುರಿ. ತಾಯಿ ಅವತ್ತಿನಿಂದ ಅವನ ಜೊತೆ ಮಾತೇ ಆಡಲಿಲ್ಲ. ನಾನು ದಿನಾ ಬೆಳಿಗ್ಗೆ ಹೋಗಿ ಕೊಟ್ಟಿಗೆಯ ಅಗುಳಿ, ತಗಡು, ಮೊಳೆ ಎಲ್ಲ ಪರೀಕ್ಷಿಸಿ ಬರುತ್ತಿದ್ದೆ. ಚಿರತೆಯಿಂದ ಕುರಿಗಳನ್ನು ಕಾಪಾಡುವುದು ಹೇಗೆಂದು ನಮಗೆ ತಿಳಿದಿತ್ತು. ಮಗನಿಂದ ಕಾಪಾಡುವುದು ಹೇಗೆಂದು ತಿಳಿದಿರಲಿಲ್ಲ.

ಬೋನೆಂದರೆ ಕಬ್ಬಿಣದ ಉದ್ದನೆಯ ಪಂಜರ. ಅದರ ಹಿಂಭಾಗದಲ್ಲಿ ಜಾಲರಿಯ ಆಚೆ ಪ್ರತ್ಯೇಕವಾಗಿ ಒಂದು ಮೇಕೆಯನ್ನು ಕಟ್ಟಿರುತ್ತಾರೆ. ಮೇಕೆಯ ಆಸೆಗೆ ಚಿರತೆ ಮುಂದಿನಿಂದ ಒಳಹೊಕ್ಕು ಹಲಗೆ ತುಳಿದರೆ ಬಾಗಿಲು ಬೀಳುತ್ತದೆ. ಮೇಕೆಗೆ ಮೇವು ಹಾಕಲು ಹಿಂದೆ ಬೇರೆ ಪುಟ್ಟ ಬಾಗಿಲಿದೆ. ಇದು ಇಲಾಖೆಯ ಕಾವಲುಗಾರನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಗೌಡಮ್ಮನವರ ಮಗನಿಗೆ ಗೊತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಅವನಿಂದಲೇ ಫೋನ್ ಬಂತು. ಒಂದು ನಿಮಿಷ ಹೊಲದ ಹತ್ತಿರ ಬನ್ನಿ ಮೇಡಂ, ಅಮ್ಮನಿಗೆ ಹೇಳಬೇಡಿ ಎಂದ. ಹೋಗಿ ನೋಡುತ್ತೇನೆ, ಬೋನಿನ ಬಾಗಿಲು ಬಿದ್ದಿದೆ. ಒಳಗೆ ಅವನು, ಕೈಯಲ್ಲಿ ಹಲಸಿನ ಸೊಪ್ಪಿನ ಕಟ್ಟು. ಜಾಲರಿಯ ಆಚೆಯಿಂದ ಮೇಕೆ ಆ ಸೊಪ್ಪನ್ನು ಒಂದೊಂದೇ ಎಲೆಯಾಗಿ ಎಳೆದು ತಿನ್ನುತ್ತಿತ್ತು. ಪ್ರಾಣಿ ಸಾಕುವ ಕಾಲ ಮುಗಿಯಿತು ಎಂದು ಊರಿಗೆಲ್ಲ ಹೇಳುತ್ತಿದ್ದವನು ವಾರದಿಂದ ಕದ್ದು ಮೇಕೆಗೆ ಸೊಪ್ಪು ತಂದು ಹಾಕುತ್ತಿದ್ದ. ಅಷ್ಟು ದಿನ ಹೊರಗಿನಿಂದ ತೂರಿಸುತ್ತಿದ್ದವನು, ಆವತ್ತು ಅದರ ನೀರಿನ ಬೋಗುಣಿ ಮಗುಚಿದ್ದನ್ನು ನೋಡಿ ಒಳಗೇ ಹೋಗಿದ್ದ.

ಬಾಗಿಲು ಎತ್ತಿ ಮೇಡಂ, ನಾಲ್ಕು ಜನರನ್ನು ಕರೀರಿ ಸಾಕು ಎಂದ. ನಾನು ಬೋನಿಗೆ ಅಂಟಿಸಿದ್ದ ಚೀಟಿಯನ್ನು ತೋರಿಸಿದೆ. "ಬೋನನ್ನು ಸಾರ್ವಜನಿಕರು ಮುಟ್ಟಬಾರದು. ಬಾಗಿಲು ಬಿದ್ದ ಕೂಡಲೇ ಕಚೇರಿಗೆ ತಿಳಿಸತಕ್ಕದ್ದು" ಎಂದಿತ್ತು. ಕರ್ತೃ, ಕರ್ಮ, ಕ್ರಿಯಾಪದ ಎಲ್ಲವೂ ಸರಿಯಾಗಿದ್ದ ವಾಕ್ಯ. ಮೀರುವುದಕ್ಕೆ ಕಾರಣವಿರಲಿಲ್ಲ. ಅವನು ಕೂಗಾಡತೊಡಗಿದ. ಆ ಕೂಗಿಗೆ ಗೌಡಮ್ಮನವರೇ ಬಂದರು.

ಅವರು ಬೋನನ್ನು ಒಂದು ಸುತ್ತು ಹಾಕಿದರು. ಮಗನನ್ನು ನೋಡಿದರು, ಸೊಪ್ಪನ್ನು ನೋಡಿದರು, ಮೇಕೆಯನ್ನು ನೋಡಿದರು. ಎದುರಿಗಿದ್ದ ಕಲ್ಲಿನ ಮೇಲೆ ಕೂತು ಎಲೆಯಡಿಕೆ ಚೀಲ ಬಿಚ್ಚಿದರು. ಒಂದು ವಾರದ ಮೇಲೆ ಮಗನ ಜೊತೆ ಮೊದಲ ಮಾತಾಡಿದರು. "ಕುರಿ ಮಾರಲ್ಲ ಅನ್ನು. ಆಮೇಲೆ ನೋಡಾಣ."

ಅವನು ಇದು ನ್ಯಾಯವಲ್ಲ ಎಂದ. ನೀನು ಬಿದ್ದು ಕೈಕಾಲು ಮುರಿದುಕೊಂಡರೆ, ಅದು ನಿನ್ನ ಮೇಲೇ ಎಗರಿದರೆ ಯಾರು ಗತಿ ಎಂದ. ಅದು ಬೋನಿಗೆ ಬಿದ್ದಿಲ್ಲ, ಬಿದ್ದವನು ನೀನು ಎಂದರು ಇವರು. ಅವನು ಮುಖ ತಿರುಗಿಸಿಕೊಂಡ. ಇವರು ಎಲೆಗೆ ಸುಣ್ಣ ಹಚ್ಚಿದರು.

ನಾನು ಅಷ್ಟರಲ್ಲಿ ಕಚೇರಿಗೆ ಫೋನ್ ಮಾಡಿದೆ. ಬೋನಿನ ಬಾಗಿಲು ಬಿದ್ದಿದೆ ಎನ್ನುತ್ತಿದ್ದಂತೆ ಆಚೆಯವರಿಗೆ ಸಂಭ್ರಮ. ನಾನು ವಿಷಯ ವಿವರಿಸಲು ಹೊರಟೆ. ಅವರು ತಡೆದು, ಫಾರಂ ತುಂಬಬೇಕು, ಕೇಳಿದ್ದಕ್ಕೆ ಮಾತ್ರ ಹೇಳಿ ಮೇಡಂ, ಬೇಗ ಎಂದರು. ಕೇಳಿದ್ದಕ್ಕೆ ಮಾತ್ರ ಉತ್ತರಿಸುವುದನ್ನು ಸಿಸ್ಟರುಗಳು ನನಗೆ ಹತ್ತು ವರ್ಷ ಕಲಿಸಿದ್ದಾರೆ.

"ಗಂಡೋ ಹೆಣ್ಣೋ?"

"ಗಂಡು."

"ಗಾಯ ಆಗಿದೆಯಾ?"

"ಮೊಣಕಾಲು ಸ್ವಲ್ಪ ತರಚಿದೆ."

"ಮೇಕೇನ ತಿಂತಾ?"

"ಇಲ್ಲ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ."

"ಹಸಿದಿದೆ ಅನ್ನಿ. ಅಬ್ಬರ ಜೋರಾಗಿದೆಯಾ?"

"ಮೊದಲು ತುಂಬ ಇತ್ತು. ತಾಯಿ ಬಂದ ಮೇಲೆ ಕಡಿಮೆಯಾಗಿದೆ."

ಆಚೆ ಕುರ್ಚಿ ಸರಿದ ಸದ್ದಾಯಿತು. "ತಾಯಿ ಬಂದಿದೆಯಾ? ಎಲ್ಲಿದೆ?"

"ಬೋನಿನ ಎದುರಿಗೆ. ಐದು ಅಡಿ ದೂರ."

ಅವರ ದನಿ ಸಣ್ಣದಾಯಿತು. ಫೋನನ್ನು ಸ್ಪೀಕರಿಗೆ ಹಾಕಿ ಮೇಡಂ, ಅಲ್ಲಿರುವವರೆಲ್ಲ ಕೇಳಿಸಿಕೊಳ್ಳಲಿ ಎಂದರು. ಹಾಕಿದೆ. ಗೌಡಮ್ಮನವರು ಎಲೆ ಜಗಿಯುವುದನ್ನು ನಿಲ್ಲಿಸಿ ಕಿವಿಗೊಟ್ಟರು. ಮಗ ಕಂಬಿ ಹಿಡಿದು ಮುಂದೆ ಬಂದ.

"ಎಲ್ಲಾರೂ ಸರಿಯಾಗಿ ಕೇಳ್ಕೊಳ್ಳಿ" ಎಂದಿತು ಫೋನು. "ಮರಿ ಒಳಗಿದ್ದು ತಾಯಿ ಹೊರಗಿದ್ರೆ, ಅದಕ್ಕಿಂತ ಡೇಂಜರ್ ಈ ಕಾಡಲ್ಲಿ ಇನ್ನೊಂದಿಲ್ಲ. ಅದಕ್ಕೆ ಎದುರಾಡೋಕೆ ಹೋಗ್ಬೇಡಿ. ತಾನು ಅಂದ್ಕೊಂಡಿದ್ದು ಆಗೋವರೆಗೂ ಅದು ಜಾಗ ಬಿಟ್ಟು ಕದಲಲ್ಲ."

ಮಗ ಕೈಯಲ್ಲಿ ಉಳಿದಿದ್ದ ಕಡ್ಡಿಯನ್ನೂ ಮೇಕೆಗೆ ಕೊಟ್ಟು, ತಾಯಿಯ ಕಡೆ ತಿರುಗಿದ.

"ಆಯ್ತು ಬಿಡಮ್ಮ, ಮಾರಲ್ಲ" ಎಂದ. "ಗೌರ್ಮೆಂಟೇ ನಿನ್ನ ಕಡೆ ಐತೆ."